ಎರಡು ಜೊತೆ ರೆಕ್ಕೆಗಳು

ಕೋಠಿಯ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ಅಂಗಡಿ ಇದೆ. ಕಿಟಕಿ ಪರದೆ, ಸೋಫಾ ಕವರು, ಗಾದಿಯ ಗವಸು ಹೊಲಿಯುತ್ತೇನೆ. ಕಲಬುರಗಿಯಿಂದ ಮದುವೆಯಾಗಿ ಹೈದರಾಬಾದಿಗೆ ಬಂದ ಮೇಲೆ ಅತ್ತೆಯವರ ಮಷೀನಿನಲ್ಲಿ ಶುರುಮಾಡಿದ ಕಸುಬು. ಇದೇ ಕಸುಬು ನನ್ನನ್ನು ಒಂದು ಹಳೆಯ ವಿಮಾನದ ಬಳಿಗೆ ಕರೆದುಕೊಂಡು ಹೋಯಿತು ಎಂದರೆ ನಮ್ಮ ಗಲ್ಲಿಯವರು ಈಗಲೂ ಪೂರ್ತಿ ನಂಬುವುದಿಲ್ಲ.

ಶುರುವಾದದ್ದು ಪರದೆಯಿಂದಲೇ. ಎಪ್ಪತ್ತು ದಾಟಿದ, ನೆಟ್ಟಗೆ ನಿಲ್ಲುವ, ಗಿಡ್ಡ ಕೂದಲಿನ ಹೆಂಗಸೊಬ್ಬರು ಅಳತೆ ಬರೆದುಕೊಂಡು ಬಂದರು. ಧಾರವಾಡದ ಕಡೆಯವರು. ಹಾರಾಟದ ಕ್ಲಬ್ಬೊಂದರಲ್ಲಿ ಎಷ್ಟೋ ವರ್ಷ ವಿಮಾನ ಓಡಿಸುವುದನ್ನು ಕಲಿಸಿ, ನಿವೃತ್ತರಾಗಿ, ಉಪ್ಪಲ್‌ನಲ್ಲಿ ಮನೆ ಮಾಡಿದ್ದರು. ನನ್ನ ಬಾಯಲ್ಲಿ ಕನ್ನಡ ಕೇಳಿ ಕುರ್ಚಿ ಎಳೆದುಕೊಂಡು ಕೂತೇ ಬಿಟ್ಟರು. ನಾನು ಅವತ್ತಿನಿಂದಲೇ ಅವರನ್ನು ಅಕ್ಕಾರ ಎಂದು ಕರೆಯತೊಡಗಿದೆ.

ಪರದೆ ಒಯ್ಯಲು ಬಂದ ದಿನ ಅವರು ಹೊಲಿಗೆಯ ಅಂಚನ್ನು ಬೆರಳಲ್ಲಿ ಸವರುತ್ತ ಕೇಳಿದರು, "ತಂಗಿ, ಉದ್ದನ ಲಿನನ್ ಬಟ್ಟಿಗೆ ಹಿಂಗ ಸೊಟ್ಟ ಬರದಂಗ ಜೋಡ ಹೊಲಿಗಿ ಹಾಕ್ತೀಯೇನು?"

"ಹಾಕ್ತೀನ್ರಿ. ಯಾತಕ್ಕರಿ, ಮೇಜಿಗೇನು?"

"ವಿಮಾನಕ್ಕ."

ನಾನು ನಕ್ಕೆ. ಅವರು ನಗಲಿಲ್ಲ.

ಬೇಗಂ ಬಜಾರಿನಲ್ಲಿ ಪಾತ್ರೆಗಳ ಸಗಟು ವ್ಯಾಪಾರ ಮಾಡುವ ಬೀದರ ಕಡೆಯ ಸಾಹುಕಾರರೊಬ್ಬರಿದ್ದರು. ಅವರ ಅಜ್ಜ ಹಿಂದೆ ಶೋಕಿಗೆಂದು ತರಿಸಿಕೊಂಡಿದ್ದ ಪುಟ್ಟ ವಿಮಾನವೊಂದು ಊರ ಹೊರಗಿನ ತೋಟದ ಶೆಡ್ಡಿನಲ್ಲಿ ಬಿಡಿಬಿಡಿಯಾಗಿ ಬಿದ್ದಿತ್ತು. ಅದನ್ನು ಮತ್ತೆ ಹಾರಿಸಬೇಕೆಂದು ಅಕ್ಕಾರ ಸಾಹುಕಾರರನ್ನು ಒಪ್ಪಿಸಿದ್ದರು. ಎಂಜಿನ್ನಿಗೂ ಮರದ ಕೆಲಸಕ್ಕೂ ಪರವಾನಗಿ ಇದ್ದ ಮೆಕ್ಯಾನಿಕ್ ಒಬ್ಬರು ಸಿಕ್ಕಿದ್ದರು. ರೆಕ್ಕೆಗಳಿಗೆ ಹೊದಿಸುವ ಬಟ್ಟೆಯ ಕೆಲಸಕ್ಕೆ ಜನ ಸಿಕ್ಕಿರಲಿಲ್ಲ.

ಮನೆಯಲ್ಲಿ ಹೇಳಿದಾಗ ನನ್ನ ಯಜಮಾನರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ವಿಮಾನಕ್ಕ ಕುಪ್ಪಸ ಹೊಲಿಯಾಕ ಹೊಂಟಿಯೇನು?" ಎಂದರು. ಒಂದು ರೀತಿಯಲ್ಲಿ ಅದು ಸರಿಯಾದ ಮಾತೇ ಆಗಿತ್ತು.

ಮೊದಲ ಸಲ ಶೆಡ್ಡಿಗೆ ಹೋದಾಗ ನನಗೆ ಕಂಡದ್ದು ಮೀನಿನ ಮುಳ್ಳಿನಂತೆ ಸಾಲಾಗಿ ಮರದ ಪಟ್ಟಿಗಳಿದ್ದ ಉದ್ದನೆಯ ಚೌಕಟ್ಟುಗಳು. ಅವೇ ರೆಕ್ಕೆಗಳು. ಮೇಲೆರಡು, ಕೆಳಗೆರಡು. ನಡುವೆ ಗಾಜಿನ ಕಿಟಕಿ, ಬಾಗಿಲು ಇದ್ದ ಪುಟ್ಟ ಕೋಣೆ. ಅದರೊಳಗೆ ಪಕ್ಕಪಕ್ಕದಲ್ಲಿ ಎರಡೇ ಆಸನ. ಅಕ್ಕಾರ ಬಾಗಿಲು ತೆಗೆದು ನನ್ನನ್ನು ಒಂದರಲ್ಲಿ ಕೂಡಿಸಿ ತಾವು ಇನ್ನೊಂದರಲ್ಲಿ ಕೂತರು.

"ಮೊದಲ ಎಲ್ಲಾ ತೆರೆದ ವಿಮಾನ ಇದ್ದುವು ತಂಗಿ. ಚರ್ಮದ ಕೋಟು ಹಾಕ್ಕೊಂಡು, ಕಣ್ಣಿಗೆ ದೊಡ್ಡ ಚಾಳೀಸು ಏರಿಸ್ಕೊಂಡು ಹೋಗಬೇಕು. ಕೆಳಗ ಇಳಿಯೂದ್ರಾಗ ಮಾರಿಗೆಲ್ಲಾ ಎಣ್ಣಿ. ಆಮ್ಯಾಲ ಮಂದಿ ಕುಂದ್ರಾಕ ಒಂದು ಸಣ್ಣ ಖೋಲಿ ಮಾಡಿದ್ರು, ಆದ್ರ ಓಡಸಾಂವ ಮಾತ್ರ ಹೊರಗ ಗಾಳ್ಯಾಗ."

"ಪಾಪ, ಅವರನ್ನ್ಯಾಕ ಹೊರಗ ಬಿಟ್ರರಿ?"

"ಗಾಳಿ ಮಾರಿಗೆ ಬಡೀಲಿಲ್ಲಂದ್ರ ವಿಮಾನ ಹೆಂಗ ಹೊಂಟೈತಿ ಅಂತ ತಿಳಿಯೂದುಲ್ಲ ಅಂತ ಹಳಬರು ಹಟ ಹಿಡಿದಿದ್ರು. ಆದ್ರ ಸ್ವಂತಕ್ಕ ವಿಮಾನ ಇಟಗೊಳ್ಳಾವ್ರು ಬ್ಯಾರೆನ ಕೇಳಿದ್ರು. ಮನ್ಯಾಗಿನ ಅರಿವಿ ಉಟಗೊಂಡನ ಹತ್ತಬೇಕು, ಬಾಜೂಕ ಹೆಂಡತಿ ಇರಬೇಕು, ಮಾತಾಡಿದ್ದು ಕೇಳಬೇಕು. ಅದಕ್ಕ ಇಂಥಾವು ಬಂದುವು. ಇದರ ರೆಕ್ಕಿ ಹಿಂದಕ್ಕ ಮಡಚಿ ಮೋಟಾರ್ ಕಾರಿನ ಶೆಡ್ಡಿನ್ಯಾಗೂ ಇಡಬೌದು."

ನಾನು ಸೀಟಿನ ಹರಿದ ಗವಸನ್ನು ನೋಡುತ್ತಿದ್ದೆ. ಅದನ್ನೂ ನಾನೇ ಹೊಲಿಯುತ್ತೇನೆ ಎಂದೆ.

ಅಲ್ಲಿಂದ ಭಾನುವಾರಗಳೆಲ್ಲ ಶೆಡ್ಡಿನಲ್ಲೇ ಕಳೆದವು. ಬಟ್ಟೆಯನ್ನು ದಿಂಬಿನ ಚೀಲದಂತೆ ಹೊಲಿದು ರೆಕ್ಕೆಯ ಮೇಲೆ ಎಳೆಯಬೇಕು. ಆಮೇಲೆ ಉದ್ದ ಸೂಜಿಯಲ್ಲಿ ಮೇಣ ಹಚ್ಚಿದ ದಾರ ಹಾಕಿ, ಒಂದೊಂದು ಮರದ ಪಟ್ಟಿಗೂ ಬಟ್ಟೆಯನ್ನು ಕಟ್ಟಿ ಗಂಟು ಹಾಕಬೇಕು. ಸೂಜಿಯನ್ನು ನಾನು ಮೇಲಿಂದ ಇಳಿಸಿದರೆ ಕೆಳಗೆ ಕೂತ ಅಕ್ಕಾರ ಹಿಡಿದು ವಾಪಸು ಕಳಿಸುತ್ತಿದ್ದರು. ಕೊನೆಗೆ ಡೋಪ್ ಎಂಬ ವಾರ್ನಿಷ್ ಬಳಿಯಬೇಕು. ಅದು ಒಣಗಿದ ಹಾಗೆ ಬಟ್ಟೆ ಬಿಗಿದುಕೊಂಡು, ಬೆರಳಲ್ಲಿ ತಟ್ಟಿದರೆ ಹಲಗೆ ವಾದ್ಯದಂತೆ ಸದ್ದು ಮಾಡುತ್ತದೆ. ಉಗುರುಬಣ್ಣದಂಥ ಅದರ ವಾಸನೆ ತಲೆಗೂದಲಿಗೆ ಹತ್ತಿ, ಮನೆಗೆ ಹೋದ ಮೇಲೂ ಬಿಡುತ್ತಿರಲಿಲ್ಲ.

ನಡುವೆ ಅಕ್ಕಾರಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಧೂಳಿಗೆ ಹೋಗಬಾರದೆಂದು ಡಾಕ್ಟರು ಹೇಳಿದ್ದರಿಂದ ಅವರು ಮನೆಯಲ್ಲೇ ಉಳಿದರು. ಕೆಳಗಿನ ರೆಕ್ಕೆಗಳು ಆಗಲೇ ಮುಗಿದಿದ್ದವು, ನಾನು ಮೇಲಿನ ರೆಕ್ಕೆಗಳ ಕೆಲಸಕ್ಕೆ ಕೈ ಹಾಕಬೇಕಿತ್ತು. ಆದರೆ ಶೆಡ್ಡಿನಲ್ಲಿ ಮೇಲಿನ ರೆಕ್ಕೆಗಳು ಬೇಕಾದ ಒಂದು ಜೊತೆಯ ಬದಲು ಎರಡು ಜೊತೆ ಇದ್ದವು. ಒಂದು ಜೊತೆಯ ತುದಿ ಬಾಳೆಯ ಸುಳಿಯಂತೆ ಚೂಪಾಗಿತ್ತು, ಇನ್ನೊಂದರದು ಮೊಂಡಾಗಿ ಕತ್ತರಿಸಿದ ಹಾಗಿತ್ತು. ಸಾಹುಕಾರರು ಬಂದು ನೋಡಿ, "ಚೂಪು ಇದ್ದುವನ್ನ ತಗೋರಿ ಬಾಯಾರ. ಖೂಬ್‌ಸೂರತ್ ಅವ. ಅಜ್ಜನ ಫೋಟೋದಾಗೂ ಅವೇ ಅವ," ಎಂದರು. ನನಗೂ ಅವೇ ಚೆಂದ ಕಂಡವು, ಎರಡೂ ಜೊತೆ ಹೊಂದುತ್ತವೆ ಎಂದು ಮೆಕ್ಯಾನಿಕ್ ಹೇಳಿದರು. ಅಕ್ಕಾರ ಇಲ್ಲದೆಯೇ ಕೂತು, ಮೆಕ್ಯಾನಿಕ್ ಸೂಜಿ ಹಿಡಿದುಕೊಡಲು ಬಿಡುವಾದಾಗಲೆಲ್ಲ ಗಂಟು ಹಾಕಿ, ಎರಡನ್ನೂ ಮುಗಿಸಿದೆ. ನನ್ನ ಜೀವಮಾನದಲ್ಲಿ ಅಷ್ಟು ನಯವಾದ ಕೆಲಸ ಮಾಡಿರಲಿಲ್ಲ.

ಅಕ್ಕಾರ ಕಪ್ಪು ಕನ್ನಡಕ ಹಾಕಿಕೊಂಡು ಬಂದ ದಿನ ರೆಕ್ಕೆಯನ್ನು ತುದಿಯವರೆಗೂ ಸವರಿದರು.

"ಭಾಳ ಚಂದ ಮಾಡೀದಿ," ಎಂದರು. "ಆದ್ರ ಇವನ್ನ ಹಾಕಾಕ ಬರೂದುಲ್ಲ ತಂಗಿ."

ಸಾಹುಕಾರರಿಗೆ ಸಿಟ್ಟು ಬಂತು. "ಯಾಕ ಬರೂದುಲ್ಲ ಮೇಡಂ? ಇದೇ ವಿಮಾನದ್ದು ಅಲ್ಲೇನು?"

ಅಕ್ಕಾರ ನಿಧಾನಕ್ಕೆ ಹೇಳಿದರು. ಈ ಬಗೆಯ ವಿಮಾನಕ್ಕೆ ಮೊದಲು ಚೂಪು ರೆಕ್ಕೆಗಳನ್ನೇ ಮಾಡಿದ್ದರಂತೆ. ನೋಡಲು ಅಂದ, ವೇಗಕ್ಕೂ ಒಳ್ಳೆಯದು ಎಂದುಕೊಂಡಿದ್ದರು. ಆದರೆ ಇಳಿಯುವಾಗ ವೇಗ ತಗ್ಗಿದ ಕೂಡಲೇ ಆ ಸಣ್ಣ ತುದಿಗಳು ಮೊದಲು ಗಾಳಿಯ ಆಸರೆ ಕಳೆದುಕೊಂಡು, ಒಂದು ಪಕ್ಕ ದಿಢೀರನೆ ಕುಸಿಯುತ್ತಿತ್ತು. ಇವು ಪಳಗಿದ ಪೈಲಟುಗಳಿಗಾಗಿ ಮಾಡಿದ ವಿಮಾನಗಳಲ್ಲ, ಸ್ವಂತ ವಿಮಾನ ಇಟ್ಟುಕೊಂಡು ರಜೆಯ ದಿನ ಓಡಿಸುವವರಿಗಾಗಿ ಮಾಡಿದವು. ಅದಕ್ಕೇ ವಿಮಾನ ಮಾಡಿದ ಕಂಪನಿಯವರು ಮೊಂಡು ತುದಿಯ ರೆಕ್ಕೆ ತಯಾರಿಸಿ, ಹಳೆಯದರ ಬದಲಿಗೆ ಹಾಕಿಸಿಕೊಳ್ಳಿ ಎಂದು ಕೊಂಡವರಿಗೆ ಹೇಳಿದರು. ಸಾಹುಕಾರರ ಅಜ್ಜನೂ ಬದಲಾಯಿಸಿಕೊಂಡಿದ್ದಾರೆ, ಹಳೆಯ ಜೊತೆಯನ್ನು ಬಿಸಾಡಲು ಮನಸ್ಸಾಗದೆ ಇಟ್ಟುಕೊಂಡಿದ್ದಾರೆ.

"ಲಾನಿನ ಮ್ಯಾಲ ನಿಲ್ಲಸಾಕ ಆದ್ರ ಚೂಪು ಹಾಕ್ರಿ, ನನಗೇನಿಲ್ಲ," ಎಂದರು ಅಕ್ಕಾರ. "ಹಾರಸಾಕ ಆದ್ರ ಮೊಂಡು."

ಸಾಹುಕಾರರು ಶೆಡ್ಡಿನಿಂದ ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಂತರು. ಒಳಗೆ ಬಂದಾಗ ನನ್ನ ಕಡೆ ತಿರುಗಿ, "ಮತ್ತ ಹೊಲೀತೀರೇನ್ರಿ ಬಾಯಾರ?" ಎಂದು ಕೇಳಿದರು. ನನಗೆ ಆ ಹೊತ್ತಿಗೆ ಇಲ್ಲ ಎನ್ನಬೇಕೆನಿಸಿತ್ತು. ಅಕ್ಕಾರ ಆಗಲೇ ಸೂಜಿ ಹಿಡಿಯಲು ಕೆಳಗೆ ಚಾಪೆ ಹಾಸಿಕೊಳ್ಳುತ್ತಿದ್ದರು. ಹೊಲಿಯುತ್ತೇನೆ ಎಂದೆ. ಚೂಪು ರೆಕ್ಕೆಗಳನ್ನು ಸಾಹುಕಾರರು ಮನೆಯ ಹಜಾರದ ಗೋಡೆಗೆ ತೂಗುಹಾಕಿಸಿದರು.

ಕಾಗದಪತ್ರ, ತಪಾಸಣೆ ಎಂದು ಒಂದು ಮಳೆಗಾಲ ಪೂರ್ತಿ ಹೋಯಿತು. ವಿಮಾನಕ್ಕೆ ಒಪ್ಪಿಗೆ ಸಿಕ್ಕಿತು, ಅದನ್ನು ಹಾರಿಸಲು ಅಕ್ಕಾರಿಗೆ ಸಿಗಲಿಲ್ಲ. ಎದೆಬಡಿತ ತಾಳ ತಪ್ಪುತ್ತಿದೆ, ಇನ್ನು ಮುಂದೆ ಅವರು ಪೈಲಟ್ ಆಗಿ ಹಾರುವಂತಿಲ್ಲ ಎಂದು ವೈದ್ಯರು ಹೇಳಿದರು. ಆ ಸುದ್ದಿಯನ್ನು ಅವರು ನನಗೆ ಅಂಗಡಿಯಲ್ಲೇ, ಚಹಾ ಕುಡಿಯುತ್ತ ಹೇಳಿದರು. ನಾನು ಬಿಸ್ಕತ್ತಿನ ತಟ್ಟೆಯನ್ನು ಮುಂದೆ ಸರಿಸಿದೆ.

"ನನಗೂ ಅನಿಸಿತ್ತು ಬಿಡು," ಎಂದರು. ಆಮೇಲೆ, "ಅದರಾಗ ಎರಡು ಸೀಟು ಅದಾವಲ್ಲ," ಎಂದರು.

ಪರೀಕ್ಷೆಯ ಹಾರಾಟಗಳನ್ನು ಅವರ ಹಳೆಯ ಶಿಷ್ಯರೊಬ್ಬರು ಮುಗಿಸಿದರು. ಅದಾದ ಮೇಲೆ ಒಂದು ಚಳಿಯ ಬೆಳಿಗ್ಗೆ ಸಣ್ಣ ರನ್‌ವೇಯೊಂದರ ಪಕ್ಕದಲ್ಲಿ ನಾವೆಲ್ಲ ನಿಂತಿದ್ದೆವು. ಅಕ್ಕಾರ ಇಳಕಲ್ ಸೀರೆ ಉಟ್ಟು ಬಂದಿದ್ದರು. ಶಿಷ್ಯ, "ಮೇಡಂ, ಸೀರಿ ಉಟಗೊಂಡು ಬಂದೀರಿ?" ಎಂದು ಅಳುಕಿದರು.

"ಸೀರಿ ಉಟಗೊಂಡು ಕುಂದ್ರಲಿ ಅಂತನ ಬಾಗಲಾ ಇಟ್ಟಾರಪಾ," ಎಂದು ಅಕ್ಕಾರ ನೆರಿಗೆ ಹಿಡಿದು ಒಳಗೆ ಹತ್ತಿ, ಸೆರಗನ್ನು ಬೆಲ್ಟಿನ ಕೆಳಗೆ ಬಿಗಿಯಾಗಿ ಸಿಕ್ಕಿಸಿ, ಬಾಗಿಲು ಎಳೆದುಕೊಂಡರು.

ವಿಮಾನ ಸ್ವಲ್ಪವೇ ಓಡಿ, ಯಾವ ಅವಸರವೂ ಇಲ್ಲದೆ ನೆಲ ಬಿಟ್ಟಿತು. ನನ್ನ ಕಣ್ಣೆಲ್ಲ ಬಟ್ಟೆಯ ಮೇಲೇ ಇತ್ತು. ಎಲ್ಲೂ ಅಲುಗಲಿಲ್ಲ. ಬಿಸಿಲು ಬಿದ್ದಾಗ ರೆಕ್ಕೆಯೊಳಗಿನ ಮರದ ಪಟ್ಟಿಗಳು ಕೆಳಗಿನಿಂದ ನೆರಳಾಗಿ ಕಂಡವು. ಸಾಹುಕಾರರು ಕೈಮುಗಿದುಕೊಂಡು ನಿಂತಿದ್ದರು. ಕೆರೆಯ ಮೇಲೆ ಒಂದು ದೊಡ್ಡ ಸುತ್ತು ಹಾಕಿ ವಿಮಾನ ಇಳಿಯಿತು. ಇಳಿಯುವಾಗ ಎರಡೂ ಪಕ್ಕ ತಕ್ಕಡಿಯ ಹಾಗೆ ಸಮನಾಗಿದ್ದವು.

ಶಿಷ್ಯ ಮೊದಲು ಇಳಿದು ಬಂದು ನಮಗೆ ಹೇಳಿದರು. ಮೇಲೆ ಹೋದ ಮೇಲೆ ತಾವು ಹಿಡಿಕೆಯಿಂದ ಕೈ ಬಿಟ್ಟು ಕೂತಿದ್ದರಂತೆ, ಸುತ್ತು ಹಾಕಿದ್ದು ಪೂರ್ತಿ ಅಕ್ಕಾರ ಅಂತೆ. ಅಕ್ಕಾರ ಮಾತ್ರ ಸೀಟಿನಲ್ಲೇ ಕೂತಿದ್ದರು. ನಾನು ಹತ್ತಿರ ಹೋದಾಗ ಕಿಟಕಿಯ ಗಾಜು ಸರಿಸಿ, ತುಂಬಿದ ಕಣ್ಣನ್ನು ಒರೆಸಿಕೊಳ್ಳದೆಯೇ, "ಹತ್ತು ತಂಗಿ," ಎಂದು ತಾವು ಇಳಿಯಲು ಬೆಲ್ಟು ಬಿಚ್ಚತೊಡಗಿದರು.

ನಾನು ಚಪ್ಪಲಿ ಬಿಟ್ಟು ಹತ್ತಿದೆ, ಶಿಷ್ಯ ಮತ್ತೆ ಪಕ್ಕಕ್ಕೆ ಬಂದು ಕೂತು ವಿಮಾನವನ್ನು ಮೇಲೇರಿಸಿದರು. ಹೊಲಗಳು, ದುಂಡು ಬಂಡೆಗಳು, ಕೆರೆ, ದೂರದಲ್ಲಿ ಮಬ್ಬಿನೊಳಗೆ ಇಡೀ ಊರು ಕಂಡವು. ಶಿಷ್ಯ ಪಕ್ಕದಿಂದ, "ಹೆದರಿಕಿ ಆಗಾಕತ್ತೈತೇನ್ರಿ?" ಎಂದು ಕೇಳಿದರು. ಇಲ್ಲ ಎಂದೆ. ನಿಜಕ್ಕೂ ಆಗಿರಲಿಲ್ಲ.