ಟ್ರಾಲಿ ದಾರಿಯ ಬಳೆಗಾರ್ತಿ

ಸೊರಬದ ಬಳೆಗಾರ್ತಿ ಇಮಾಂಬೀಗೆ ಬಸ್ಸು ಕಂಡರೆ ಆಗುತ್ತಿರಲಿಲ್ಲ. ಉಳವಿ ರಸ್ತೆಯ ಒಂದೊಂದು ಗುಂಡಿಗೂ ಬುಟ್ಟಿಯೊಳಗಿನ ಗಾಜಿನ ಬಳೆ ಚೂರಾಗುತ್ತಿದ್ದವು. ಎಪ್ಪತ್ಮೂರನೆಯ ಇಸವಿಯಲ್ಲಿ, ತನ್ನ ನಲವತ್ತೆರಡನೆಯ ವಯಸ್ಸಿಗೆ, ಆಕೆ ಸೈಕಲ್ ರಿಪೇರಿ ಮಾಡುವ ಗಂಡ ಹುಸೇನನಿಗೆ ಹೇಳಿದಳು: "ನಂಗೊಂದು ಸೈಕಲ್ ಮಾಡಿಕೊಡ್ರಿ."

ಹುಸೇನ ನಗಲಿಲ್ಲ. ಯಾವಾಗ ನಗಬಾರದು ಅನ್ನುವುದನ್ನು ಇಪ್ಪತ್ತು ವರ್ಷದ ಸಂಸಾರ ಅವನಿಗೆ ಕಲಿಸಿತ್ತು. ಎರಡು ಮುದಿ ಸೈಕಲ್ಲುಗಳ ಅಂಗಾಂಗ ಕೂಡಿಸಿ, ಸೀರೆಗೆ ಅಡ್ಡ ಬರುವ ಮೇಲಿನ ಕಂಬಿಯನ್ನು ಕೆಳಗಿಳಿಸಿ ಬೆಸೆದು, ಹಿಂದೆ ಬುಟ್ಟಿಗೊಂದು ಕ್ಯಾರಿಯರ್ ಕೂರಿಸಿದ.

ಕಲಿಯಲು ಜಾಗವೂ ಇತ್ತು. ಬ್ರಿಟಿಷರ ಕಾಲದಲ್ಲಿ ಕಾಡಿನ ಮರ ಸಾಗಿಸಲು ಹಾಕಿದ್ದ ಪುಟ್ಟ ರೈಲಿನ ದಾರಿಯೊಂದು ಊರಾಚೆಯಿಂದ ಹೊಸಬಾಳೆ ಕಡೆಗೆ ಹೋಗುತ್ತಿತ್ತು. ಹಳಿ ಕಿತ್ತೊಯ್ದು ಎಷ್ಟೋ ವರ್ಷವಾಗಿ, ಗದ್ದೆಗಳ ನಡುವೆ ಮಟ್ಟಸವಾದ ಮಣ್ಣಿನ ಏರಿ ಮಾತ್ರ ಉಳಿದಿತ್ತು. ಜನ ಅದನ್ನು ಟ್ರಾಲಿ ದಾರಿ ಅನ್ನುತ್ತಿದ್ದರು. ಮೊದಲ ವಾರ ಇಮಾಂಬೀ ಯಾರಿಗೂ ಭೇದ ಮಾಡದೆ ಎಡಗಡೆಯ ಗದ್ದೆಗೂ ಬಲಗಡೆಯ ಗದ್ದೆಗೂ ಬಿದ್ದಳು.

"ಹೆಂಗಸು ಸೈಕಲ್ ಹೊಡೀಬೇಕು ಅಂತ ಎಲ್ಲಿ ಬರೆದಿದೆ?" ಎಂದು ಬೀದಿಯ ಹಿರಿಯ ಬಡೇಸಾಬ್ ಕೇಳಿದ.

"ಬಸ್ಸಲ್ಲಿ ಬಳೆ ಒಡೀಬೇಕು ಅಂತ ಎಲ್ಲಿ ಬರೆದಿದೆ ಚಾಚಾ?"

ಕಲಿತು, ಬುಟ್ಟಿ ಕಟ್ಟಿಕೊಂಡು ಹಳ್ಳಿಗಳಿಗೆ ಹೊರಟ ಮೇಲೆ ಎರಡು ತಿಂಗಳು ಒಂದು ಬಳೆಯೂ ಒಡೆಯಲಿಲ್ಲ. ಆಮೇಲೊಂದು ಬೆಳಿಗ್ಗೆ ಹೊಸಬಾಳೆಯ ಹತ್ತಿರ ದಾರಿಗೆ ಅಡ್ಡ ಮುಳ್ಳುಬೇಲಿ ಕಂಡಿತು. ಪಕ್ಕದಲ್ಲಿ ರೈತ ಹುಚ್ಚರಾಯಪ್ಪ ನಿಂತಿದ್ದ. ಅವನ ಗದ್ದೆ ಎಳೆ ಮಗುವಿನ ಹಾಗೆ ವರ್ಷವರ್ಷವೂ ಗೇಣುಗೇಣು ಬೆಳೆಯುತ್ತಿತ್ತು.

"ಇದು ನಮ್ಮಜ್ಜನ ಜಮೀನು ಬೂಬಮ್ಮ. ರಸ್ತೆ ಮೇಲೆ ಹೋಗು."

"ನಿಮ್ಮಜ್ಜನೂ ರೈಲು ಬಿಡ್ತಿದ್ರಾ ಗೌಡ್ರೆ?"

ಗದ್ದೆಯಲ್ಲಿದ್ದ ಹೆಣ್ಣಾಳುಗಳು ಸೆರಗು ಕಚ್ಚಿ ನಕ್ಕರು. ಹುಚ್ಚರಾಯಪ್ಪನಿಗೆ ಮೈಯೆಲ್ಲ ಉರಿಯಿತು. ಹಟ ಹಿಡಿದು ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟು, ಸರ್ವೆ ಮಾಡುವ ಯಲ್ಲಪ್ಪನನ್ನು ತಾನೇ ಕರೆಸಿದ.

ಅಳತೆಯ ದಿನ ಇಮಾಂಬೀ ಸೈಕಲ್ ಹಿಡಿದು ದೂರ ನಿಂತಳು. ಯಲ್ಲಪ್ಪ ಆಗಲೇ ಹುಚ್ಚರಾಯಪ್ಪನ ಮನೆಯಲ್ಲಿ ಕೋಳಿಸಾರು ಉಂಡಿದ್ದ. ಉಂಡ ಮನೆಗೆ ಎರಡು ಬಗೆಯುವವರು ಕಡಿಮೆ.

ಆದರೆ ಅಳತೆಯ ಸರಪಳಿಗೆ ಕೋಳಿಸಾರಿನ ರುಚಿ ಗೊತ್ತಿರಲಿಲ್ಲ. ಅದು ಮುಳ್ಳುಬೇಲಿ ದಾಟಿತು, ಬಾಳೆಗಿಡ ದಾಟಿತು, ದನದ ಕೊಟ್ಟಿಗೆಯ ಅರ್ಧ ನುಂಗಿ, ಹೊಸದಾಗಿ ಕಟ್ಟಿದ ಬಚ್ಚಲಿನ ಹಂಡೆಯ ಹತ್ತಿರ ನಿಂತಿತು. ಯಲ್ಲಪ್ಪ ನಕ್ಷೆಯನ್ನು ಮೂರು ಸಲ ತಿರುಗಿಸಿ ನೋಡಿದ.

"ಗೌಡ್ರೆ, ದಾರಿ ನಿಮ್ಮ ಜಮೀನಲ್ಲಿಲ್ಲ. ನಿಮ್ಮ ಬಚ್ಚಲೇ ದಾರೀಲಿದೆ. ಬರ್ಕೊಳ್ಳಲಾ?"

"ಬರೆಯೋದೇನು ಅಷ್ಟು ಅರ್ಜೆಂಟು, ಕಾಫಿ ಕುಡೀರಿ" ಎಂದ ಹುಚ್ಚರಾಯಪ್ಪ ಕತ್ತಿ ತಂದು ತಾನೇ ಬೇಲಿ ಕೀಳತೊಡಗಿದ. ಮೊದಲು ನಕ್ಕವಳು ಅವನ ಹೆಂಡತಿ ಬಂಗಾರಮ್ಮ.

ಇಮಾಂಬೀ ಹಟ ಮಾಡಿದ್ದರೆ ಬಚ್ಚಲು ಬೀಳುತ್ತಿತ್ತು. ಬಿಸಿನೀರಿನ ಸುಖ ಆಕೆಗೂ ಗೊತ್ತು. "ಇರಲಿ ಬಿಡ್ರಿ, ನಾನು ಸುತ್ತಿ ಹೋಗ್ತೀನಿ" ಎಂದಳು. "ಸ್ನಾನ ಮಾಡುವಾಗ ಬಾಗಿಲು ಹಾಕ್ಕೊಂಡರೆ ಸಾಕು."

ಆ ಮಳೆಗಾಲದ ಹೊತ್ತಿಗೆ ಸಂತೆಗೆ ಹೋಗುವ ಹೆಂಗಸರೆಲ್ಲ ಕೆಸರಿನ ರಸ್ತೆ ಬಿಟ್ಟು ಟ್ರಾಲಿ ದಾರಿಯಲ್ಲೇ ನಡೆಯತೊಡಗಿದರು. ಇಮಾಂಬೀಯ ಕ್ಯಾರಿಯರ್ ಮೇಲೆ ಮೊದಲು ಕೂತವಳು ಬಂಗಾರಮ್ಮ. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಸೊರಬದ ಟಾಕೀಸಿನಲ್ಲಿ ಮ್ಯಾಟ್ನಿ ನೋಡಿ ಬಂದಳು. ಗಂಡನಿಗೆ ಹೇಳಿ ಹೋಗಬೇಕು ಅನ್ನುವುದು ನೆನಪಾಗಿದ್ದು ಇಂಟರ್ವಲ್‌ನಲ್ಲಿ.