ಶಾಂತವ್ವನಿಗೆ ತಿಳಿದದ್ದು ಮೊಮ್ಮಗಳ ಮಾತು

“ಯೇಸು ನಮ್ಮ ಪಾಪಕ್ಕ ಸತ್ತ, ಮೂರನೇ ದಿನ ಎದ್ದ. ನಂಬಿದ್ರ ನಿಮಗೂ ಮಾಫಿ ಐತಿ, ಶಾಂತಜ್ಜಿ. ಏಕ್‌ದಮ್ ಫುಕಟ್!”

ಧಾರಾವಿಯ ನಮ್ಮ ಚಾಳಿನಲ್ಲಿ ನನ್ನ ಒಂಬತ್ತು ವರ್ಷದ ಮೊಮ್ಮಗಳು ಅರೆಬರೆ ಕನ್ನಡದಲ್ಲಿ ಇಷ್ಟು ಹೇಳಿದ್ದೇ ತಡ, ಪಕ್ಕದ ಮನೆಯ ಶಾಂತವ್ವ ಹೊಲಿಯುತ್ತಿದ್ದ ಚರ್ಮದ ಚೀಲ ಕೆಳಗಿಟ್ಟಳು. ಕಣ್ಣು ತುಂಬಿಕೊಂಡು ನನ್ನ ಕಡೆ ತಿರುಗಿದಳು. “ಇಷ್ಟು ದಿನಾ ನೀ ಯಾಕ ಇದನ್ನ ಹೇಳಲಿಲ್ಲವ್ವಾ?”

ನನಗೆ ಹೊಟ್ಟೆ ಉರಿಯಿತು. ಹನ್ನೆರಡು ವರ್ಷದಿಂದ ಅದನ್ನೇ ಹೇಳುತ್ತಿದ್ದೆನಲ್ಲ! ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವಳೆಂದು ಗೊತ್ತಾಗದಿರಲೆಂದು, ಪಾಸ್ಟರ್ ಬಾಯಿಂದ ಕೇಳಿದ ‘ಪ್ರಾಯಶ್ಚಿತ್ತ’, ‘ವಿಮೋಚನೆ’ ಎಂಬ ದೊಡ್ಡ ಮಾತುಗಳನ್ನೇ ಉರುಹೊಡೆದು ಒಪ್ಪಿಸುತ್ತಿದ್ದೆ.

ಭಾನುವಾರ ಶಾಂತವ್ವ ಚರ್ಚಿಗೆ ಬಂದಳು. ನನ್ನ ಪಕ್ಕ ಜಾಗವಿದ್ದರೂ ಮೊಮ್ಮಗಳ ಪಕ್ಕವೇ ಕೂತಳು. ಹೊಟ್ಟೆಯುರಿ ಇನ್ನೂ ಆರಿಲ್ಲ. ಆದರೆ ಇಂಥ ಸಂತೋಷದ ಹೊಟ್ಟೆಯುರಿಯನ್ನು ದೇವರು ದಿನಾ ಕೊಡಲಿ.