ಅಕ್ಕ ಮಗುವಾದ ಬೇಸಿಗೆ

ನಮಗೆ ಮಕ್ಕಳಾದಾಗ ಮಗಳಿಗೆ ಏಳು ವರ್ಷ, ಮಗನಿಗೆ ನಾಲ್ಕು. ಇಥಿಯೋಪಿಯಾದಿಂದ ಅವರನ್ನು ಕರೆದುಕೊಂಡು ಬಂದು, ವಿಮಾನ ನಿಲ್ದಾಣದಿಂದ ರೈಲು, ರೈಲಿನಿಂದ ಬಸ್ಸು ಹಿಡಿದು ಡಚ್ ನಾಡಿನ ನಮ್ಮ ಊರು ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಏಪ್ರಿಲ್ ತಿಂಗಳು. ಬಿಸಿಲಿತ್ತು, ಆದರೆ ಆ ಬಿಸಿಲಿನಲ್ಲಿ ಬಿಸಿ ಇರಲಿಲ್ಲ. ಮಗ ಆಕಾಶವನ್ನೂ ನನ್ನನ್ನೂ ಅನುಮಾನದಿಂದ ನೋಡುತ್ತಿದ್ದ.

ಮನೆಯ ಬಾಗಿಲಿಗೆ ಬಣ್ಣದ ಕಾಗದದ ತೋರಣ ಕಟ್ಟಿತ್ತು. ಪಕ್ಕದ ಮನೆಯ ಡಚ್ ಅಜ್ಜಿಯ ಕೆಲಸ. ನಾವು ಜಾಕೆಟ್ ಬಿಚ್ಚುವ ಮೊದಲೇ ಅವರು ತಟ್ಟೆ ಹಿಡಿದುಕೊಂಡು ಬಂದರು. ದುಂಡನೆಯ ರಸ್ಕು, ಮೇಲೆ ಬೆಣ್ಣೆ, ಅದರ ಮೇಲೆ ಸಕ್ಕರೆ ಮೆತ್ತಿದ ಸೋಂಪಿನ ಕಾಳು. ಈ ನಾಡಿನಲ್ಲಿ ಕೂಸು ಹುಟ್ಟಿದ ಮನೆಯಲ್ಲಿ ನೋಡಲು ಬಂದವರಿಗೆ ಕೊಡುವ ತಿನಿಸು ಅದು. ಹೆಣ್ಣು ಹುಟ್ಟಿದರೆ ಗುಲಾಬಿ ಕಾಳು, ಗಂಡು ಹುಟ್ಟಿದರೆ ನೀಲಿ.

"ನ್ಯಾಯವಾಗಿ ನೀವು ನನಗೆ ಕೊಡಬೇಕಾದ್ದು. ಬಾಣಂತಿಯರಿಬ್ಬರೂ ದಣಿದಿರ್ತೀರಿ ಅಂತ ನಾನೇ ಮಾಡಿ ತಂದೆ," ಎಂದು ಅವರು ನನ್ನ ಗಂಡನ ಬೆನ್ನು ತಟ್ಟಿದರು.

ಮಕ್ಕಳು ಸಕ್ಕರೆ ಕಾಳನ್ನು ಒಂದೂ ಬಿಡದೆ ನೆಕ್ಕಿ, ರಸ್ಕನ್ನು ಬಹಳ ಮರ್ಯಾದೆಯಿಂದ ತಟ್ಟೆಗೇ ವಾಪಸ್ ಇಟ್ಟರು. ಅಜ್ಜಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನಾನೂ ನಕ್ಕೆ, ನಗುತ್ತಲೇ ಅತ್ತುಬಿಟ್ಟೆ. ಸಂದರ್ಶನ, ತರಗತಿ, ಮನೆ ತಪಾಸಣೆ ಅಂತ ವರ್ಷಗಟ್ಟಲೆ ಕಾದ ಮೇಲೆ, ನಮ್ಮ ಮನೆಯಲ್ಲಿ ಯಾರೋ ರಸ್ಕು ಎಂಜಲು ಮಾಡಿ ಇಟ್ಟಿದ್ದರು.

ಧಾರವಾಡದಲ್ಲಿದ್ದ ನನ್ನ ಅವ್ವನಿಗೆ ಮಾತ್ರ ಈ ಸುದ್ದಿ ಅಷ್ಟು ಸುಲಭವಾಗಿ ಇಳಿದಿರಲಿಲ್ಲ. "ದತ್ತಕ ತಗೊಳ್ಳೂದು ಸರಿ. ನಮ್ಮ ಕಡೆ ಕೂಸು ಇದ್ದಿಲ್ಲೇನು? ಅಷ್ಟು ದೂರದ್ದು ಯಾಕ ಬೇಕಿತ್ತು?" ಎಂದು ಫೋನಿನಲ್ಲಿ ಕೇಳಿದ್ದಳು. ಅಣ್ಣ-ತಂಗಿ, ಅಕ್ಕ-ತಮ್ಮ ಎನ್ನುವಂಥ ಜೋಡಿ ಮಕ್ಕಳನ್ನು ಬೇರೆ ಮಾಡದೆ ತೆಗೆದುಕೊಳ್ಳಲು ನಾವು ಒಪ್ಪಿದ್ದೆವು, ಇವರಿಬ್ಬರು ಸಿಕ್ಕರು ಎಂದೆ. ಅವ್ವ, "ಜೂನ್‌ದಾಗ ಬರ್ತೀನಿ ತಗೋ," ಎಂದು ಫೋನ್ ಇಟ್ಟಳು. ಅದು ಸಂತೋಷವೋ ಎಚ್ಚರಿಕೆಯೋ ನನಗೆ ತಿಳಿಯಲಿಲ್ಲ.

ಮೊದಲ ವಾರಗಳಲ್ಲಿ ಮಗನದು ಚಿಂತೆಯೇ ಇರಲಿಲ್ಲ. ಕಡಿದಾದ ಡಚ್ ಮೆಟ್ಟಿಲನ್ನು ಕೈಕಾಲು ಊರಿ ಹತ್ತುವುದು, ಕುಳಿತು ಜಾರುತ್ತಾ ಇಳಿಯುವುದು, ಇದೇ ಅವನ ಉದ್ಯೋಗ. ಅವನ ಭಾಷೆಯಲ್ಲಿ ಹುಡುಗರಿಗೆ 'ಬಾರೋ' ಎನ್ನಲು 'ನಾ' ಎನ್ನುತ್ತಾರೆ. ನಾನು ಧಾರವಾಡದವಳು, ಮಾತೆತ್ತಿದರೆ 'ನಾ ಹೇಳ್ತೀನಿ', 'ನಾ ತರ್ತೀನಿ'. ನಾನು ನನ್ನ ಬಗ್ಗೆ ಏನೇ ಹೇಳಲು ಬಾಯಿ ತೆರೆದರೂ ಅವನು ಎಲ್ಲಿದ್ದರೂ ಓಡಿ ಬಂದು ಎದುರಿಗೆ ನಿಲ್ಲುತ್ತಿದ್ದ. ಬಂದವನನ್ನು ಬರಿಗೈಲಿ ಕಳಿಸುವುದು ಹೇಗೆ? ಎತ್ತಿ ಮುದ್ದಾಡುತ್ತಿದ್ದೆ. ಆಮೇಲೆ ಆಮೇಲೆ ಬೇಕೆಂದೇ ಹೆಚ್ಚು 'ನಾ' ಅನ್ನತೊಡಗಿದೆ. ಗಂಡ ಬೆಂಗಳೂರಿನವನು, 'ನಾನು' ಎನ್ನುವವನು. "ಇದು ಮೋಸ. ನಾನೂ ಧಾರವಾಡ ಕನ್ನಡ ಕಲೀತೀನಿ," ಎಂದು ಹೊಟ್ಟೆಕಿಚ್ಚು ಪಡುತ್ತಿದ್ದ.

ಮಗಳ ವಿಷಯ ಬೇರೆ. ಹೆತ್ತ ತಾಯಿ ತೀರಿಕೊಂಡ ಮೇಲೆ ತಮ್ಮನನ್ನು ನೋಡಿಕೊಂಡವಳು ಅವಳೇ ಎಂದು ಅನಾಥಾಲಯದವರು ಹೇಳಿದ್ದರು. ಅದರ ಅರ್ಥ ನಮಗೆ ತಿಳಿದದ್ದು ಮನೆಗೆ ಬಂದ ಮೇಲೆ. ಅವನು ತಿನ್ನುವ ತನಕ ಅವಳು ತನ್ನ ತಟ್ಟೆ ಮುಟ್ಟುತ್ತಿರಲಿಲ್ಲ. ನಾನು ಅವನಿಗೆ ಸ್ನಾನ ಮಾಡಿಸಲು ಹೋದರೆ ಹಿಂದೆಯೇ ಬಂದು, ನನ್ನ ಕೈಯಿಂದ ಚೊಂಬನ್ನು ಮೆಲ್ಲಗೆ ತೆಗೆದುಕೊಳ್ಳುತ್ತಿದ್ದಳು. ಒರಟುತನ ಇಲ್ಲ, ಹಟ ಇಲ್ಲ. ತಿಳಿಯದವರ ಕೈಯಿಂದ ತಿಳಿದವರು ಕೆಲಸ ತೆಗೆದುಕೊಳ್ಳುವ ಹಾಗೆ. ಪಾರ್ಕಿನಲ್ಲಿ ಉಯ್ಯಾಲೆ ಖಾಲಿ ಇದ್ದರೂ ಕೂರಳು. ತಮ್ಮ ಜಾರುಬಂಡೆಯ ಮೇಲಿದ್ದರೆ ಇವಳು ಕೆಳಗೆ ಕೈಚಾಚಿ ನಿಲ್ಲುವಳು. ಅವಳ ಮುಖದಲ್ಲಿ ನಲವತ್ತು ವರ್ಷದ ಹೆಂಗಸಿನ ದಣಿವಿತ್ತು.

"ನಾ ಏನ್ ಮಾಡಲಿ? ಈ ಮನ್ಯಾಗ ಆಕಿನೇ ತಾಯಿ, ನಾ ಕೆಲಸದಾಕಿ," ಎಂದೆ ಒಂದು ದಿನ.

"ಅವ್ಳಿಗೆ ಟೈಮ್ ಕೊಡು ಕಣೇ. ನಾವಿನ್ನೂ ಹೊಸಬ್ರು. ಅಷ್ಟು ಕಷ್ಟಪಟ್ಟು ಸಾಕಿದ ತಮ್ಮನ್ನ ಸಡನ್ನಾಗಿ ಯಾರಿಗೋ ಹೇಗೆ ಕೊಟ್ಟುಬಿಡ್ತಾಳೆ?" ಎಂದ ಗಂಡ. ಅಷ್ಟರಲ್ಲಿ ನನ್ನ 'ನಾ' ಕೇಳಿಸಿ ಮಗ ಓಡಿ ಬಂದು ನಿಂತಿದ್ದ.

ಜೂನ್‌ನಲ್ಲಿ ಅವ್ವ ಬಂದಳು. ಎರಡು ಸೂಟ್‌ಕೇಸಿನ ತುಂಬ ಶೇಂಗಾ ಚಟ್ನಿಪುಡಿ, ಜೋಳದ ಹಿಟ್ಟು, ಮಗಳಿಗೆ ಉಡಲು ಒಂದು ಜರಿಯಂಚಿನ ಪುಟ್ಟ ಪರಕಾರ, ಮಗನಿಗೆ ಒಂದು ಜುಬ್ಬ. ಬಂದ ಮಾರನೆಯ ದಿನವೇ ಅಡುಗೆಮನೆ ವಶಪಡಿಸಿಕೊಂಡಳು. ಮಕ್ಕಳನ್ನು ಕೂರಿಸಿ ಅನ್ನ ಸಾರು ಬಡಿಸಿ, ಕೈಸನ್ನೆ ಮಾಡಿ, "ಉಣ್ರಿ," ಎಂದಳು. ಮಗಳು ತಲೆಯಾಡಿಸಿ, "ಇಶ್ಶಿ," ಎಂದಳು. ಹಿಂದೆಯೇ ಮಗನೂ, "ಇಶ್ಶಿ," ಎಂದ.

ಅವ್ವನ ಕೈಯಲ್ಲಿನ ಸೌಟು ಗಾಳಿಯಲ್ಲೇ ನಿಂತಿತು. "ಏನ್ ಹುಡುಗೂರವ್ವಾ ಇವು! ಅನ್ನಕ್ಕ ಇಶ್ಶಿ ಅಂತಾವಲ್ಲ!"

"ಅವ್ವಾ, ಅವರ ಭಾಷಾದಾಗ 'ಇಶ್ಶಿ' ಅಂದ್ರ 'ಆತು' ಅಂತ. ಒಪ್ಪಿಗಿ ಹೇಳಾಕತ್ತಾರ."

ಅವ್ವ ನಂಬಲಿಲ್ಲ. ಮಕ್ಕಳು ತಟ್ಟೆ ಖಾಲಿ ಮಾಡುವವರೆಗೂ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಆಮೇಲೆ ಪರೀಕ್ಷೆ ಮಾಡಲು, "ಇನ್ನಷ್ಟು ಹಾಕ್ಲೇನು?" ಎಂದು ಸೌಟು ತೋರಿಸಿದಳು. "ಇಶ್ಶಿ!" ಎಂದರು ಇಬ್ಬರೂ, ತಟ್ಟೆ ಮುಂದೆ ಚಾಚಿ. ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗತೊಡಗಿದಳು.

ಅವ್ವ ಹಾಕಿದ ದೋಸೆ ಹಿಟ್ಟು ಇಲ್ಲಿನ ಚಳಿಗೆ ಉಬ್ಬಲು ಒಂದು ದಿನ ಹೆಚ್ಚೇ ತೆಗೆದುಕೊಂಡಿತು. ಪಾತ್ರೆಯ ಮುಚ್ಚಳ ತೆಗೆದಾಗ ಹುಳಿ ವಾಸನೆ ಅಡುಗೆಮನೆಯಿಂದಾಚೆಗೂ ಹರಡಿತು. ಹೊರಗೆ ತಮ್ಮನ ಶೂ ಕಟ್ಟುತ್ತಿದ್ದ ಮಗಳು ಎದ್ದು ಬಂದಳು. ಪಾತ್ರೆಗೆ ಮೂಗು ತಾಕುವಷ್ಟು ಬಗ್ಗಿದಳು. ಅವರ ನಾಡಿನಲ್ಲೂ ಹಿಟ್ಟನ್ನು ಹುಳಿ ಬರಿಸಿ ಅಗಲವಾದ, ಮೆತ್ತನೆಯ ರೊಟ್ಟಿ ಮಾಡುತ್ತಾರೆ, ದಿನವೂ ಅದೇ ಊಟ. ತಲೆ ಎತ್ತಿದಾಗ ಅವಳ ಮುಖವೇ ಬೇರೆಯಾಗಿತ್ತು. ಒಲೆಯ ಪಕ್ಕ ನಿಂತು, ದೋಸೆಯ ಮೇಲೆ ಏಳುವ ಒಂದೊಂದು ತೂತನ್ನೂ ನೋಡಿ ತಮ್ಮನಿಗೆ ಅವರ ಭಾಷೆಯಲ್ಲಿ ಏನೇನೋ ಹೇಳುತ್ತಲೇ ಇದ್ದಳು. ಅಷ್ಟು ಮಾತು ಅವಳ ಬಾಯಿಂದ ಬಂದದ್ದು ನಾನು ಕೇಳಿರಲಿಲ್ಲ.

ಊಟಕ್ಕೆ ಕುಳಿತಾಗ ಅವಳು ದೋಸೆ ಮುರಿದು, ಪಲ್ಯ ಸುತ್ತಿ, ಎಂದಿನಂತೆ ತಮ್ಮನ ಬಾಯಿಗೆ ಇಟ್ಟಳು. ಬೆರಳು ನೆಕ್ಕಿಕೊಂಡಳು. ಇನ್ನೊಂದು ತುಂಡು ಮುರಿದು ಸುತ್ತಿ, ಮೇಜಿನ ಮೇಲೆ ಬಾಗಿ, ಅವ್ವನ ಬಾಯಿಯ ಹತ್ತಿರ ಹಿಡಿದಳು.

ನನ್ನ ಅವ್ವ ಎಂಜಲಿನ ವಿಷಯದಲ್ಲಿ ಬಲು ಕಟ್ಟುನಿಟ್ಟು. ನಾನು ಸಣ್ಣವಳಿದ್ದಾಗ ನನ್ನ ಲೋಟ ಕೂಡ ಅವಳು ಮುಟ್ಟಿದವಳಲ್ಲ. ಅಪ್ಪನ ತಟ್ಟೆಯ ಅಂಚಿಗೆ ತಾಕಿದ ಸೌಟನ್ನು ತೊಳೆದು ಬಡಿಸಿದವಳು. ಅವ್ವ ಆ ಸಣ್ಣ ಕೈ ನೋಡಿದಳು. ಕೈ ಹಿಂದೆ ಸರಿಯಲಿಲ್ಲ. ಪಲ್ಯದ ಎಣ್ಣೆ ಮಣಿಕಟ್ಟಿಗೆ ಇಳಿಯುತ್ತಿತ್ತು. ಅವ್ವ ನನ್ನ ಕಡೆ ನೋಡಲಿಲ್ಲ, ಅಳಿಯನ ಕಡೆಯೂ ನೋಡಲಿಲ್ಲ. ಬಾಯಿ ತೆರೆದಳು.

"ಇವರ ನಾಡಲ್ಲಿ ಇಷ್ಟವಾದವ್ರಿಗೆ ಹೀಗೆ ಕೈಯಾರೆ ತಿನ್ನಿಸ್ತಾರೆ ಅತ್ತೆ. ಅದಕ್ಕೊಂದು ಹೆಸರೇ ಇದೆ," ಎಂದ ನನ್ನ ಗಂಡ, ಸಣ್ಣ ದನಿಯಲ್ಲಿ.

ಅವ್ವ ನಿಧಾನವಾಗಿ ಅಗಿದು ನುಂಗಿದಳು. "ತುತ್ತು ಅನ್ರಿ ಮತ್ತ. ಬ್ಯಾರೆ ಹೆಸರ್ಯಾಕ ಬೇಕು?" ಎಂದು, ತನ್ನ ದೋಸೆಯಿಂದ ಒಂದು ತುಂಡು ಮುರಿದು ಮಗಳ ಬಾಯಿಗಿಟ್ಟಳು. "ನೀನೂ ಉಣ್ಣವ್ವಾ. ಎಲ್ಲಾರಿಗೂ ತಿನಿಸಿಕೋತ ಕುಂತ್ರ ನಿನ್ನ ಹೊಟ್ಟಿ ಯಾರು ನೋಡ್ತಾರ?" ಆ ಮಾತು ಹುಡುಗಿಗೆ ಅರ್ಥವಾಗಿರಲಾರದು. ಆದರೆ ಆ ದಿನ ಅವಳು ತಮ್ಮನಿಗಾಗಿ ಕಾಯದೆ ಉಂಡಳು, ಅವ್ವನ ಕೈಯಿಂದ, ಒಂದರ ಮೇಲೊಂದು. ಕೊನೆಗೆ ಮಗ ಸಿಟ್ಟಾಗಿ ನನ್ನ ಕಡೆ ತಿರುಗಿ ಬಾಯಿ ತೆರೆದು ಕುಳಿತ. ಅವನಿಗೆ ನಾನು ಕೊಟ್ಟ ಮೊದಲ ತುತ್ತು ಅದು.

ಆ ಮೇಲೆ ಅಜ್ಜಿ-ಮೊಮ್ಮಗಳದೇ ಒಂದು ಪಕ್ಷವಾಯಿತು. ಅವ್ವ ಕನ್ನಡದಲ್ಲಿ, ಅವಳು ಅವಳ ಭಾಷೆಯಲ್ಲಿ, ಇಬ್ಬರೂ ಕಾಳು ಆರಿಸುತ್ತಾ ಗಂಟೆಗಟ್ಟಲೆ ಮಾತಾಡುವರು. ಅವ್ವನ ಕಾಲು ಒತ್ತಲು ಬಂದರೆ ಅವ್ವ ಬೈಯುವಳು: "ಬ್ಯಾಡ, ಹೋಗು, ಆಡು. ನೀ ಸಣ್ಣಾಕಿ." 'ಸಣ್ಣಾಕಿ' ಎನ್ನುವುದು ಮಗಳು ಕಲಿತ ಮೊದಮೊದಲ ಕನ್ನಡ ಮಾತುಗಳಲ್ಲಿ ಒಂದು. ತನ್ನನ್ನೇ ತೋರಿಸಿಕೊಂಡು ಹೇಳಿಕೊಳ್ಳುವಳು, ನಂಬಿಕೆ ಬಾರದವಳ ಹಾಗೆ.

ಅವ್ವ ಊರಿಗೆ ಹೊರಡುವ ಮೊದಲು ಎಲ್ಲರೂ ಬಸ್ಸಿನಲ್ಲಿ ನೂರ್ಡ್‌ವೈಕ್‌ನ ಸಮುದ್ರಕ್ಕೆ ಹೋದೆವು. ಆಗಸ್ಟ್‌ನ ಕೊನೆ. ಗಾಳಿ ಎಷ್ಟಿತ್ತೆಂದರೆ ಅವ್ವ ಸೀರೆಯ ಮೇಲೆ ಅಳಿಯನ ಜಾಕೆಟ್ ತೊಟ್ಟು, ತಲೆಗೆ ಮಫ್ಲರ್ ಸುತ್ತಿ, ಶತ್ರುವನ್ನು ನೋಡುವಂತೆ ಸಮುದ್ರ ನೋಡುತ್ತಿದ್ದಳು. ಮಕ್ಕಳು ಮರಳಿನಲ್ಲಿ ಗುಂಡಿ ತೋಡುತ್ತಿದ್ದರು. ಒಮ್ಮೆಲೇ ಮಗ ಕಿರುಚಿದ. ಕಣ್ಣಿಗೆ ಮರಳು ಬಿದ್ದಿತ್ತು. ಅಕ್ಕ ಪಕ್ಕದಲ್ಲೇ ಇದ್ದಳು, ಕೈ ಚಾಚಿದಳು. ಅವನು ಅವಳನ್ನು ದಾಟಿಕೊಂಡು, ಕಣ್ಣು ಮುಚ್ಚಿಕೊಂಡೇ ಎಡವುತ್ತಾ, ಅಳುತ್ತಾ ನನ್ನ ಹತ್ತಿರ ಬಂದ.

ಅವನನ್ನು ಮಡಿಲಿಗೆ ಎಳೆದುಕೊಂಡೆ. ಆದರೆ ನನ್ನ ಜೀವವೆಲ್ಲ ಅವಳ ಮೇಲಿತ್ತು. ಅವಳು ಬಂದು ಎದುರು ನಿಂತಳು. ನಾನು ಬಾಟಲಿಯ ನೀರು ಹನಿಸಿ ಕಣ್ಣು ತೊಳೆಯುವುದನ್ನು, ಸೆರಗಿಲ್ಲದ ನಾನು ಅಂಗಿಯ ಚುಂಗಿನಿಂದ ಒರೆಸುವುದನ್ನು, ಊದುವುದನ್ನು, ಎಲ್ಲವನ್ನೂ ನೋಡಿದಳು. ಅವನು ಕಣ್ಣು ಪಿಳಿಪಿಳಿ ಬಿಟ್ಟು ನಕ್ಕ. ಅವಳು ಇನ್ನೊಂದು ಕ್ಷಣ ನಿಂತಳು. ನೊಂದಳೇನೋ ಎಂದುಕೊಂಡೆ. ಆಮೇಲೆ ಅವಳು ಚಪ್ಪಲಿ ಕಳಚಿ ಎಸೆದು ಓಡಿದಳು.

ಎಂಥ ಓಟ! ನೀರಿನಂಚಿನಲ್ಲಿ, ಕೈಗಳನ್ನು ಅಗಲಿಸಿ, ಗಾಳಿಗೆ ಎದುರಾಗಿ, ಕೂಗುತ್ತಾ ಓಡಿದಳು. ಹಿಂದಿರುಗಿ ತಮ್ಮ ಎಲ್ಲಿದ್ದಾನೆಂದು ನೋಡಲಿಲ್ಲ. ಹಕ್ಕಿಗಳ ಗುಂಪನ್ನು ಹಾರಿಸಿದಳು, ಬಿದ್ದಳು, ಎದ್ದಳು, ಮತ್ತೆ ಓಡಿದಳು. ಅವ್ವ ಮಫ್ಲರ್ ಸರಿಸಿ ನೋಡಿ, "ನೋಡು, ಈಗ ಹುಡುಗಿ ಆತು ಅದು," ಎಂದಳು.

ಒದ್ದೆಯಾಗಿ, ಏದುಸಿರು ಬಿಡುತ್ತಾ ವಾಪಸ್ ಬಂದವಳು ನನ್ನ ಮುಂದೆ ಎರಡೂ ತೋಳೆತ್ತಿ ನಿಂತು, "ಎತ್ಕೋ," ಎಂದಳು. ತಮ್ಮ ಹೇಳುವುದನ್ನು ಕೇಳಿ ಕಲಿತ ಮಾತು. ಏಳು ವರ್ಷದ, ಉದ್ದ ಕಾಲಿನ ಹುಡುಗಿಯನ್ನು ಎತ್ತಿಕೊಂಡು ಮರಳ ದಿಬ್ಬದ ಮೆಟ್ಟಿಲು ಹತ್ತಿದೆ. ಅವಳ ಪಾದಗಳು ನನ್ನ ಮೊಣಕಾಲಿಗೆ ಬಡಿಯುತ್ತಿದ್ದವು. ನಡುವೆ ಗಂಡ, "ಕೊಡು, ನಾನು ಎತ್ಕೋತೀನಿ," ಎಂದ. ಕೊಡಲಿಲ್ಲ.

ಅದಾಗಿ ಹತ್ತು ವರ್ಷ ದಾಟಿತು. ಮಗ ಈಗ ನನಗಿಂತ ಎತ್ತರ, ನಾನು ಕನ್ನಡದಲ್ಲಿ ಬೈದರೆ ಡಚ್‌ನಲ್ಲಿ ಉತ್ತರ ಕೊಡುತ್ತಾನೆ. ಮಗಳು ಈ ಜೂನ್‌ನಲ್ಲಿ ಶಾಲೆಯ ಕೊನೆಯ ಪರೀಕ್ಷೆ ಪಾಸಾದಳು. ಇಲ್ಲಿನ ಪದ್ಧತಿಯಂತೆ ಮನೆ ಮುಂದೆ ಬಾವುಟ ಹಾರಿಸಿ, ಕೋಲಿನ ತುದಿಗೆ ಅವಳ ಹಳೆಯ ಶಾಲಾ ಚೀಲ ನೇತುಹಾಕಿದೆವು. ವಿಡಿಯೊ ಕಾಲ್‌ನಲ್ಲಿ ಅದನ್ನು ನೋಡಿದ ಅವ್ವ ಗಾಬರಿಯಾದಳು.

"ಚೀಲ ಯಾಕ ಅಲ್ಲಿ ಜೋತು ಬಿಟ್ಟೀರಿ? ಇನ್ನ ಓದೂದು ಬ್ಯಾಡಂತೇನು ಆಕಿಗೆ?"

"ಬೇಕು ಆಯಿ, ಡಾಕ್ಟರ್ ಆಗೂದೈತಿ," ಎಂದಳು ಮಗಳು, ಅಪ್ಪಟ ಧಾರವಾಡದ ಕನ್ನಡದಲ್ಲಿ. "ಆದ್ರ ಆ ಚೀಲ ಭಾಳ ಹಳೇದಾತು. ನೀ ಬರೂ ಮುಂದ ಹೊಸಾದು ತಗೊಂಡು ಬಾ."